ಕೃಷಿ ಪತ್ರಿಕೋದ್ಯಮದ ವ್ಯಾಸಂಗ: ರೈತರು ತಿಳಿಯಬೇಕಾದುದೇನು?



ಮಗ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ ಎಂದರೆ ಊರಿನವರಿಗೆ ಅರ್ಥವಾಗುತ್ತದೆ. ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಷಯ ಕಲಿಯುತ್ತಿದ್ದಾನೆ ಎಂದು ತಿಳಿಯುತ್ತಾರೆ. ಅದೇ ಮಗ ರಜೆಗೆ ಬಂದಾಗ, "ಈ ವರ್ಷ ಕೃಷಿ ಪತ್ರಿಕೋದ್ಯಮವನ್ನೂ ಓದುತ್ತಿದ್ದೇನೆ" ಎಂದರೆ ಮನೆಯವರಿಗೆ ಸ್ವಲ್ಪ ಗಲಿಬಿಲಿಯಾಗುತ್ತದೆ. ಬರೆಯುವುದಕ್ಕೂ ಕಾಲೇಜು ಬೇಕೇ, ಅದರಿಂದ ಹೊಲಕ್ಕೇನು ಲಾಭ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ. ಮಕ್ಕಳನ್ನು ಓದಿಸುವವರಿಗೆ ಮಾತ್ರವಲ್ಲ, ಪತ್ರಿಕೆಯನ್ನು ಓದಿ ಅದರಂತೆ ಬೇಸಾಯ ಮಾಡುವ ಪ್ರತಿಯೊಬ್ಬರಿಗೂ ಈ ವಿಷಯ ಉಪಯುಕ್ತವೆಂದು ನಮ್ಮ ನಂಬಿಕೆ.

ಒಂದು ವಾಕ್ಯದ ಬೆಲೆ

ಮಲೆನಾಡಿನ ಹಾಗೂ ಕರಾವಳಿಯ ಅಡಿಕೆ ಬೆಳೆಗಾರರಿಗೆ ಪರಿಚಯವಿರುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೊಳೆರೋಗದ ಬಗ್ಗೆ ಲೇಖನವೊಂದರಲ್ಲಿ ಹೀಗೆ ಬರೆದಿದೆ ಎಂದು ತಿಳಿಯಿರಿ: "ಮಳೆಗಾಲ ಆರಂಭವಾಗುವ ಮುನ್ನ ಶೇಕಡ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದು ಸೂಕ್ತ." ಈ ವಾಕ್ಯದಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಓದಿ ಮೊದಲ ಸಲ ದ್ರಾವಣ ಮಾಡಲು ಹೊರಟ ಬೆಳೆಗಾರನ ಗತಿ ಏನು? ಶೇಕಡ 1 ಎಂದರೆ ಎಷ್ಟು? ಯಾವ ಪಾತ್ರೆಯಲ್ಲಿ ಕರಗಿಸಬೇಕು? ಯಾವುದನ್ನು ಯಾವುದಕ್ಕೆ ಸುರಿಯಬೇಕು? ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ಲೇಖನ ಇದಾವುದನ್ನೂ ಹೇಳಲಿಲ್ಲ.

ಈಗ ಅದೇ ವಿಷಯವನ್ನು ಇನ್ನೊಂದು ರೀತಿಯಲ್ಲಿ ನೋಡಿ. 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಿ. ಬೇರೊಂದು ಪಾತ್ರೆಯಲ್ಲಿ ಹೊಸದಾಗಿ ಸುಟ್ಟ 1 ಕಿಲೋ ಸುಣ್ಣವನ್ನು ಅರಳಿಸಿ, ಸೋಸಿ, 50 ಲೀಟರು ನೀರು ಮಾಡಿಕೊಳ್ಳಿ. ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ಕಲಕಿ. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಬೇಡಿ. ಕಬ್ಬಿಣದ ಪಾತ್ರೆ ಬಳಸಬೇಡಿ. ಪ್ಲಾಸ್ಟಿಕ್ಕು, ಮರ ಅಥವಾ ಮಣ್ಣಿನ ಪಾತ್ರೆ ಆಗಬಹುದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅದರ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಕಡಿಮೆಯಾಗಿದೆ ಎಂದು ಅರ್ಥ. ಲೇಪ ಕಾಣದಾಗುವ ತನಕ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದ್ರಾವಣವನ್ನು ಅದೇ ದಿನ ಸಿಂಪಡಿಸಿ ಮುಗಿಸಿ. ಮೊದಲ ಸಿಂಪರಣೆ ಮಳೆಗಾಲಕ್ಕೆ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ.

ಎರಡು ಬರವಣಿಗೆಯ ಹಿಂದೆಯೂ ಇರುವ ವಿಜ್ಞಾನ ಒಂದೇ. ಆದರೆ ಮೊದಲನೆಯದನ್ನು ಓದಿದವನು ಸುಣ್ಣವನ್ನು ಕಡಿಮೆ ಹಾಕಿದರೆ ಎಳೆಯ ಕಾಯಿ ಸುಡುತ್ತದೆ. ದ್ರಾವಣ ಕೆಟ್ಟರೆ ರೋಗ ನಿಲ್ಲದೆ ಕಾಯಿ ಉದುರುತ್ತದೆ. ಎರಡನೆಯದನ್ನು ಓದಿದವನು ತೋಟದಲ್ಲಿ ನಿಂತು ಕೆಲಸ ಮಾಡಬಲ್ಲ. ವಿಜ್ಞಾನಿಯ ತಿಳಿವಳಿಕೆಯನ್ನು ಮೊದಲನೆಯ ರೂಪದಿಂದ ಎರಡನೆಯ ರೂಪಕ್ಕೆ ತರುವ ಕೆಲಸವೇ ಕೃಷಿ ಪತ್ರಿಕೋದ್ಯಮ. ಇದು ತಾನಾಗಿ ಬರುವುದಿಲ್ಲ, ಕಲಿಯಬೇಕು.

ಬೋರ್ಡೋ ದ್ರಾವಣದ ಗುಣವನ್ನು ಫ್ರಾನ್ಸ್ ದೇಶದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದರು. ದ್ರಾಕ್ಷಿ ಕದಿಯುವವರನ್ನು ದೂರವಿಡಲು ದಾರಿ ಬದಿಯ ಬಳ್ಳಿಗಳಿಗೆ ಬೆಳೆಗಾರರು ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಅವರು ಗಮನಿಸಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಸಿಂಪರಣೆಯನ್ನು ನಮ್ಮಲ್ಲಿ ಬಳಕೆಗೆ ತಂದರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಬೆಳೆಗಾರರಿಗೆ ಇದ್ದ ಮುಖ್ಯ ಉಪಾಯ. ಬೆಳೆಗಾರನ ಕಣ್ಣಿಗೆ ಬಿದ್ದುದು ವಿಜ್ಞಾನಿಗೆ ತಲುಪಿ, ವಿಜ್ಞಾನಿಯ ತಿಳಿವಳಿಕೆ ಮತ್ತೆ ಇನ್ನೊಂದು ದೇಶದ ಬೆಳೆಗಾರನಿಗೆ ತಲುಪಿದ ಕಥೆ ಇದು. ಹೀಗೆ ತಲುಪಿಸುವ ದಾರಿಯನ್ನೇ ಒಂದು ವಿಷಯವಾಗಿ ಓದುವುದನ್ನು ಕೃಷಿ ಸಂವಹನ ಎನ್ನುತ್ತಾರೆ.

ಈ ವಿದ್ಯೆ ಬೆಳೆದು ಬಂದ ಬಗೆ

ಕೃಷಿ ಪತ್ರಿಕೋದ್ಯಮವನ್ನು ಕಾಲೇಜಿನಲ್ಲಿ ಪಾಠವಾಗಿ ಕಲಿಸುವುದು ಅಮೆರಿಕದ ಅಯೋವಾ ಕೃಷಿ ಕಾಲೇಜಿನಲ್ಲಿ 1905ರಲ್ಲಿ ಆರಂಭವಾಯಿತು. ಸ್ಕಾಟ್ಲೆಂಡಿನ ಕವಿ ವಿಲ್ ಒಗಿಲ್ವಿ ಅಲ್ಲಿ ಅದರ ಅಧ್ಯಾಪಕರಾಗಿದ್ದರು. 1908ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಇದಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಸಂಶೋಧನಾ ಕೇಂದ್ರಗಳಲ್ಲಿ ಕಂಡುಹಿಡಿದದ್ದು ಹೊಲಕ್ಕೆ ತಲುಪದಿದ್ದರೆ ವ್ಯರ್ಥ ಎಂಬ ಅರಿವು ಇದರ ಹಿಂದಿತ್ತು.

ಮೊದಮೊದಲು ಚೆನ್ನಾಗಿ ಬರೆದು ಅಚ್ಚು ಹಾಕಿದರೆ ಸಾಕು, ರೈತ ಒಪ್ಪಿಕೊಳ್ಳುತ್ತಾನೆ ಎಂಬ ಭಾವನೆ ಇತ್ತು. ಅದು ಪೂರ್ತಿ ನಿಜವಲ್ಲ ಎಂದು ಅಯೋವಾದಲ್ಲಿಯೇ ತಿಳಿದುಬಂತು. ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 259 ರೈತರನ್ನು ಕಂಡು, ಹೈಬ್ರಿಡ್ ಮುಸುಕಿನ ಜೋಳವನ್ನು ಅವರು ಯಾವಾಗ, ಯಾರ ಮಾತಿನಿಂದ ಬಿತ್ತಿದರು ಎಂದು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. 1928ರಿಂದ 1941ರೊಳಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಆ ಬೀಜವನ್ನು ಒಪ್ಪಿದ್ದರು. ಹೆಚ್ಚಿನವರಿಗೆ ಸುದ್ದಿ ಮೊದಲು ತಿಳಿದದ್ದು ಬೀಜ ಮಾರುವವರಿಂದ; ಆದರೆ ಮನಸ್ಸು ಗಟ್ಟಿಯಾದದ್ದು ನೆರೆಹೊಲದವನ ಮಾತಿನಿಂದ. ಅದೇ ಅಯೋವಾದ ರೈತನ ಮಗ ಎವೆರೆಟ್ ರೋಜರ್ಸ್. ಅವರ ತಂದೆ ಹೊಸ ಯಂತ್ರಗಳನ್ನು ಬೇಗ ಕೊಳ್ಳುತ್ತಿದ್ದರೂ ಹೈಬ್ರಿಡ್ ಬೀಜವನ್ನು ಮಾತ್ರ ನಂಬಲಿಲ್ಲ. 1936ರ ಬರಗಾಲದಲ್ಲಿ ತಮ್ಮ ಹೊಲ ಬಾಡಿ, ಪಕ್ಕದವರ ಹೈಬ್ರಿಡ್ ಬೆಳೆ ನಿಂತಿರುವುದನ್ನು ಕಂಡ ಮೇಲೆಯೇ ಅವರು ಒಪ್ಪಿದರು. ಈ ಮಗ ಮುಂದೆ, ಹೊಸ ವಿಚಾರಗಳು ಜನರಲ್ಲಿ ಹೇಗೆ ಹರಡುತ್ತವೆ ಎಂಬುದನ್ನು ಕುರಿತು 1962ರಲ್ಲಿ ಪುಸ್ತಕ ಬರೆದರು. ಇಂದಿಗೂ ವಿಸ್ತರಣೆಯ ವಿದ್ಯಾರ್ಥಿಗಳೆಲ್ಲ ಅದನ್ನು ಓದುತ್ತಾರೆ.

ನಮ್ಮ ದೇಶದಲ್ಲಿಯೂ ಇಂತಹ ಪ್ರಯೋಗಗಳು ನಡೆದಿವೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರವು ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆ ಎರಡರಂತೆ 20 ಕಾರ್ಯಕ್ರಮಗಳು ಪ್ರಸಾರವಾದವು. ರೈತರು ಗುಂಪಾಗಿ ಕುಳಿತು ಕೇಳಿ, ಆಮೇಲೆ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಕೂಟವಿದ್ದ ಹಳ್ಳಿಗಳ ಜನರ ತಿಳಿವಳಿಕೆ ಬಹಳ ಹೆಚ್ಚಿತು. ರೇಡಿಯೋ ಇದ್ದರೂ ಕೂಟವಿಲ್ಲದ ಹಳ್ಳಿಗಳಲ್ಲಿ ಅಷ್ಟು ಹೆಚ್ಚಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತೋರಿಸಲಾಯಿತು. ನಮ್ಮ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆ ಭಾಗದ ಹಿರಿಯರಲ್ಲಿ ಕೆಲವರಿಗೆ ಸಂಜೆ ಊರಿನವರೆಲ್ಲ ಒಂದೆಡೆ ಸೇರಿ ನೋಡುತ್ತಿದ್ದ ನೆನಪು ಇರಬಹುದು.

ಈ ಎಲ್ಲ ಪ್ರಯೋಗಗಳಿಂದ ತಿಳಿದ ಪಾಠ ಒಂದೇ. ಮಾತು ಒಂದೇ ಕಡೆಯಿಂದ ಹರಿದರೆ ಅದು ಪ್ರಚಾರ; ಕೇಳುವವನ ಪ್ರಶ್ನೆ ಹಿಂತಿರುಗಿ ಬಂದರೆ ಮಾತ್ರ ಅದು ಸಂವಹನ.

ತರಗತಿಯಲ್ಲಿ ಕಲಿಸುವುದೇನು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾಯಿತು. ಬಳಿಕ 1986ರಲ್ಲಿ ಧಾರವಾಡ, 2008ರಲ್ಲಿ ರಾಯಚೂರು ಮತ್ತು ಬಾಗಲಕೋಟೆ, 2012ರಲ್ಲಿ ಶಿವಮೊಗ್ಗ ಹೀಗೆ ಬೇರೆ ವಿಶ್ವವಿದ್ಯಾಲಯಗಳು ಬಂದವು. ಬೋಧನೆ, ಸಂಶೋಧನೆ, ವಿಸ್ತರಣೆ ಇವು ಮೂರೂ ಕೃಷಿ ವಿಶ್ವವಿದ್ಯಾಲಯದ ಕರ್ತವ್ಯಗಳು. ಕೃಷಿ ಪತ್ರಿಕೋದ್ಯಮ ಮೂರನೆಯದಾದ ವಿಸ್ತರಣಾ ಶಿಕ್ಷಣ ವಿಭಾಗಕ್ಕೆ ಸೇರಿದ್ದು. ವಿದ್ಯಾರ್ಥಿ ಇಲ್ಲಿ ಮುಖ್ಯವಾಗಿ ಐದು ಕೆಲಸಗಳನ್ನು ಕಲಿಯುತ್ತಾನೆ.

ಮೊದಲನೆಯದು ಕೇಳುವುದು. ರೈತನನ್ನು ಕಂಡು ಮಾತನಾಡಿಸುವುದು, ವಿಜ್ಞಾನಿಯನ್ನು ವಿಚಾರಿಸುವುದು, ಕೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳುವುದು. "ಇಳುವರಿ ಚೆನ್ನಾಗಿದೆಯೇ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. "ಎಷ್ಟು ಗುಂಟೆಗೆ ಎಷ್ಟು ಚೀಲ? ಹೋದ ವರ್ಷ ಎಷ್ಟು?" ಎಂದು ಕೇಳಬೇಕು. ಮನೆಯ ಯಜಮಾನನನ್ನು ಮಾತ್ರ ಕೇಳಿದರೂ ಸಾಲದು. ಬೀಜ ಆರಿಸಿ ಇಡುವುದು, ಕಳೆ ಕೀಳುವುದು, ಹಸು ನೋಡಿಕೊಳ್ಳುವುದು ಮನೆಯ ಹೆಂಗಸರ ಕೆಲಸವಾಗಿದ್ದರೆ ಅವರನ್ನೇ ಕೇಳಬೇಕು.

ಎರಡನೆಯದು ಪರೀಕ್ಷಿಸುವುದು. ಒಂದು ಗುಂಟೆಯಲ್ಲಿ ಬಂದ ಇಳುವರಿಯನ್ನು 40ರಿಂದ ಗುಣಿಸಿ ಎಕರೆಯ ಇಳುವರಿ ಎಂದು ಹೇಳುವ ಅಭ್ಯಾಸವಿದೆ. ಆ ಗುಂಟೆ ಹೊಲದ ಒಳ್ಳೆಯ ಭಾಗವಾಗಿದ್ದರೆ ಲೆಕ್ಕ ತಪ್ಪುತ್ತದೆ. ಹೆಕ್ಟೇರು ಮತ್ತು ಎಕರೆ ಬೆರಕೆಯಾದರೂ ತಪ್ಪುತ್ತದೆ. 1 ಹೆಕ್ಟೇರು ಸುಮಾರು 2.47 ಎಕರೆ. ಔಷಧಿಯ ಪ್ರಮಾಣದಲ್ಲಂತೂ ಒಂದು ಸೊನ್ನೆ ಹೆಚ್ಚಾದರೆ ಬೆಳೆಯೇ ಹೋದೀತು. ಲೀಟರಿಗೆ 2 ಗ್ರಾಂ ಎಂದಿದ್ದರೆ 16 ಲೀಟರಿನ ಸಿಂಪರಣಾ ಕ್ಯಾನಿಗೆ 32 ಗ್ರಾಂ ಬೇಕು. ಈ ಗುಣಾಕಾರವನ್ನು ಓದುಗನಿಗೆ ಬಿಡದೆ ಲೇಖಕನೇ ಮಾಡಿ ಕೊಡಬೇಕೆಂದು ಕಲಿಸುತ್ತಾರೆ. ಅಚ್ಚಿಗೆ ಹೋಗುವ ಮುನ್ನ ಅಂಕಿಗಳನ್ನು ಎರಡು ಸಲ ಓದುವುದು ಈ ವಿದ್ಯೆಯಲ್ಲಿ ಕಡ್ಡಾಯ.

ಮೂರನೆಯದು ಬರೆಯುವುದು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರವಿರಬೇಕು. ಕೆಲಸ ಮಾಡುವ ಅನುಕ್ರಮದಲ್ಲೇ ವಾಕ್ಯಗಳೂ ಬರಬೇಕು. ಪಾರಿಭಾಷಿಕ ಪದಕ್ಕಿಂತ ಊರಿನ ಪದ ಸ್ಪಷ್ಟವಾಗಿದ್ದರೆ ಅದನ್ನೇ ಬಳಸಬೇಕು.

ನಾಲ್ಕನೆಯದು ಮಾಧ್ಯಮಕ್ಕೆ ತಕ್ಕಂತೆ ಹೇಳುವುದು. ಪತ್ರಿಕೆಯನ್ನು ಓದುಗ ಹಿಂದಿರುಗಿ ನೋಡಬಹುದು. ರೇಡಿಯೋದ ಮಾತು ಒಮ್ಮೆ ಕಿವಿಗೆ ಬಿದ್ದು ಹೋಗುತ್ತದೆ. ಆದುದರಿಂದ ಬಾನುಲಿ ಭಾಷಣದಲ್ಲಿ ವಾಕ್ಯ ಚಿಕ್ಕದಿರಬೇಕು, ಪ್ರಮಾಣವನ್ನು ಎರಡು ಬಾರಿ ಹೇಳಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ತನ್ನದೇ ಸಮುದಾಯ ಬಾನುಲಿ ಕೇಂದ್ರ ಆರಂಭಿಸಿದ್ದರಿಂದ ಇಂತಹ ಅಭ್ಯಾಸಕ್ಕೆ ಅನುಕೂಲವಾಯಿತು. ಚಿತ್ರ ತೆಗೆಯುವುದು, ಮೊಬೈಲಿಗೆ ತಕ್ಕ ಕಿರು ದೃಶ್ಯ ತಯಾರಿಸುವುದೂ ಈಗ ಕಲಿಯಬೇಕಾದ ಕೆಲಸಗಳೇ.

ಐದನೆಯದು ಮೊದಲೇ ಓದಿಸಿ ನೋಡುವುದು. ಬರೆದದ್ದನ್ನು ಅಚ್ಚು ಹಾಕುವ ಮುನ್ನ ಒಬ್ಬ ರೈತರಿಗೆ ಓದಿ ಹೇಳಿ, "ನಿಮಗೆ ತಿಳಿದಂತೆ ನೀವು ಹೇಳಿ" ಎಂದು ಕೇಳಬೇಕು. ವಿದ್ಯಾರ್ಥಿಯೊಬ್ಬ ಬೋರ್ಡೋ ದ್ರಾವಣದ ಲೇಖನವನ್ನು ಹೀಗೆ ಓದಿದಾಗ ಹಿರಿಯ ತೋಟಗಾರರೊಬ್ಬರು ಪೂರ್ತಿ ಕೇಳಿ, "ಎಲ್ಲಾ ಸರಿ ತಮ್ಮಾ, ಸುಣ್ಣ ಹಳತಾಗಿ ಪುಡಿಯಾಗಿದ್ದರೆ ಏನು ಮಾಡೋದು ಅಂತ ಬರೆಯಲೇ ಇಲ್ಲವಲ್ಲ" ಎಂದರು. ಹುಡುಗನಿಗೆ ಉತ್ತರ ತಿಳಿದಿರಲಿಲ್ಲ. ಹಳೆಯ ಸುಣ್ಣದ ಸತ್ವ ಕಡಿಮೆ, ಆದ್ದರಿಂದಲೇ ಚೂರಿಯ ಪರೀಕ್ಷೆಯನ್ನು ಬಿಡಬಾರದು ಎಂಬುದನ್ನು ವಿಚಾರಿಸಿ ಬಂದು ಸೇರಿಸಿದ. ಆ ಲೇಖನದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಮಾತು ಹೀಗೆ ತೋಟಗಾರರಿಂದಲೇ ಬಂತು.

ಸುದ್ದಿಯ ವರ್ಷವೇ ಬೇರೆ, ಫಸಲಿನ ವರ್ಷವೇ ಬೇರೆ

ತಪ್ಪು ಪ್ರಮಾಣ ಬರೆಯುವುದು ಒಂದು ಬಗೆಯ ದೋಷ. ಬರೆದದ್ದೆಲ್ಲ ನಿಜವಾಗಿದ್ದು, ಬರೆಯದೆ ಬಿಟ್ಟದ್ದರಿಂದ ಹಾನಿಯಾಗುವುದು ಇನ್ನೊಂದು ಬಗೆ. ವೆನಿಲ್ಲಾ ಇದಕ್ಕೆ ಉತ್ತಮ ನಿದರ್ಶನ.

2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಅಪ್ಪಳಿಸಿ ಅಲ್ಲಿನ ವೆನಿಲ್ಲಾ ಬೆಳೆ ಹಾಳಾಯಿತು. ಪ್ರಪಂಚಕ್ಕೆ ಹೆಚ್ಚಿನ ವೆನಿಲ್ಲಾ ಒದಗಿಸುವುದು ಆ ದ್ವೀಪವೇ ಆದುದರಿಂದ ಬೆಲೆ ಏರುತ್ತಾ ಹೋಗಿ 2003ರಲ್ಲಿ ಶಿಖರ ಮುಟ್ಟಿತು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಸಿಕ್ಕ ಸುದ್ದಿ ಎಲ್ಲೆಡೆ ಹಬ್ಬಿತು. ಆ ಬೆಲೆ ಸುಳ್ಳಲ್ಲ, ಅದನ್ನು ಪಡೆದ ಬೆಳೆಗಾರರೂ ಸುಳ್ಳಲ್ಲ. ಆದರೆ ವೆನಿಲ್ಲಾ ಬಳ್ಳಿ ನೆಟ್ಟು ಫಸಲು ಕೈಗೆ ಬರಲು ಸುಮಾರು 3 ವರ್ಷ ಬೇಕು. 2003ರ ಸುದ್ದಿ ಓದಿ ನೆಟ್ಟವನಿಗೆ ಸಿಗುವುದು 2006ರ ಬೆಲೆ. ಮಡಗಾಸ್ಕರದಲ್ಲಿ ಬೆಳೆ ಚೇತರಿಸಿಕೊಂಡು 2004-05ರ ಹೊತ್ತಿಗೇ ಬೆಲೆ ಕುಸಿಯಿತು. ಬಳ್ಳಿಗೆ ದುಬಾರಿ ಹಣ ಕೊಟ್ಟು ನೆಟ್ಟ ಅನೇಕರು ಪರಾಗಸ್ಪರ್ಶ ಮಾಡುವ ಗೋಜಿಗೂ ಹೋಗದೆ ಬಳ್ಳಿಯನ್ನು ಹಾಗೆಯೇ ಬಿಟ್ಟರು.

ಒಳ್ಳೆಯ ಕೃಷಿ ಪತ್ರಕರ್ತ ಇಂತಹ ಸಂದರ್ಭದಲ್ಲಿ ಬೆಲೆಯೊಂದನ್ನೇ ಬರೆಯುವುದಿಲ್ಲ. ಬೆಲೆ ಏಕೆ ಏರಿತು, ಆ ಕಾರಣ ಎಷ್ಟು ದಿನ ನಿಂತೀತು, ಕೊಳ್ಳುವವರು ಎಷ್ಟು ಮಂದಿ, ಹೊಸದಾಗಿ ನೆಟ್ಟವರಿಗೆ ಫಸಲು ಯಾವ ವರ್ಷ ಎಂಬುದನ್ನೂ ಬರೆಯುತ್ತಾನೆ. ಗೆದ್ದವನ ಜೊತೆಗೆ ಸೋತವನನ್ನೂ ಹುಡುಕಿ ಮಾತನಾಡಿಸುತ್ತಾನೆ. ಸೋತ ಕಥೆಯನ್ನು ಹೇಳಲು ಯಾರೂ ಮುಂದೆ ಬರುವುದಿಲ್ಲ. ಆದರೆ ಹತ್ತು ಮಂದಿಯ ಹಣ ಉಳಿಸುವುದು ಅದೇ ಕಥೆ.

ರೈತರೇ ಬರೆಯಬಹುದು

ಪದವಿ ಪಡೆದವರು ಮಾತ್ರ ಬರೆಯಬೇಕೆಂದಿಲ್ಲ. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆ, ಕೃಷಿಕರ ಕೈಗೆ ಲೇಖನಿ ಎಂಬ ಧ್ಯೇಯ ಇಟ್ಟುಕೊಂಡು ಬೆಳೆಗಾರರಿಂದಲೇ ಬರೆಸಿ ಹೆಸರಾಯಿತು. ಶ್ರೀ ಪಡ್ರೆಯವರು ಅದರ ಸಂಪಾದಕೀಯ ಹೊಣೆ ಹೊತ್ತು, ಬರೆಯುವ ಶಿಬಿರಗಳ ಮೂಲಕ ಅನೇಕ ಕೃಷಿಕರನ್ನು ಲೇಖಕರನ್ನಾಗಿ ಮಾಡಿದರು. ಲೇಖನದೊಂದಿಗೆ ಆ ಕೃಷಿಕನ ವಿಳಾಸ ಕೊಡುವುದರಿಂದ ಓದುಗರು ತಾವೇ ವಿಚಾರಿಸಿ ನೋಡಬಹುದು. ನೆರೆಹೊಲದವನ ಮಾತಿಗೆ ಬೆಲೆ ಹೆಚ್ಚು ಎಂದು ಅಯೋವಾದಲ್ಲಿ ಕಂಡುಕೊಂಡ ಸಂಗತಿಯನ್ನು ಅಚ್ಚಿನಲ್ಲಿ ಆಚರಣೆಗೆ ತಂದಂತೆ ಇದು.

ಓದಲು ಬಯಸುವ ಮಕ್ಕಳಿಗೆ

ಕೃಷಿ ಪದವಿ ನಾಲ್ಕು ವರ್ಷದ್ದು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿದ್ದು, ಅವರಿಗೆ ಬೇಸಾಯಕ್ಕೆ ಸಂಬಂಧಿಸಿದ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಪದವಿಯಲ್ಲಿ ವಿಸ್ತರಣೆ, ಗ್ರಾಮೀಣ ಸಮಾಜಶಾಸ್ತ್ರ, ಸಂವಹನ ಇವುಗಳ ಪಾಠಗಳಿರುತ್ತವೆ. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿದ್ದು ಕಾರ್ಯಾನುಭವ ಪಡೆಯಬೇಕು. ಹೆಚ್ಚಿನ ಅಭ್ಯಾಸ ಬೇಕಾದವರು ವಿಸ್ತರಣಾ ಶಿಕ್ಷಣದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದಬಹುದು. ಹೊಲದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಇಲ್ಲಿ ಒಂದು ಅನುಕೂಲವಿದೆ: ಯಾವ ಪ್ರಶ್ನೆ ಕೇಳಬೇಕೆಂಬುದು ಅವರಿಗೆ ಮನೆಯಲ್ಲಿಯೇ ತಿಳಿದಿರುತ್ತದೆ.

ಓದುವಾಗ ನೀವು ಕೇಳಬೇಕಾದ ಪ್ರಶ್ನೆಗಳು

ಈಗ ಪತ್ರಿಕೆ, ರೇಡಿಯೋಗಳ ಜೊತೆಗೆ ವಾಟ್ಸಾಪಿನಲ್ಲಿಯೂ ದಿನವೂ ಸಲಹೆಗಳು ಬರುತ್ತವೆ. ಅನೇಕವಕ್ಕೆ ಹೆಸರಿಲ್ಲ, ತಾರೀಖಿಲ್ಲ. ಯಾವ ಸಲಹೆಯೇ ಆಗಲಿ, ಅನುಸರಿಸುವ ಮುನ್ನ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಹೇಳಿದವರು ಯಾರು? ಅವರ ಹೆಸರು, ವಿಳಾಸ ಇದೆಯೇ? ಅವರು ಆ ಸರಕನ್ನು ಮಾರುವವರೇ?
2. ಯಾವ ಊರು, ಯಾವ ಮಣ್ಣು, ಎಷ್ಟು ಮಳೆ? ನೀರಾವರಿಯೋ ಖುಷ್ಕಿಯೋ?
3. ಯಾವ ವರ್ಷದ ಮಾತು? ಒಂದು ವರ್ಷದ ಫಲವೋ, ಹಲವು ವರ್ಷಗಳದೋ?
4. ಇಳುವರಿಯನ್ನು ಅಳೆದದ್ದು ಎಷ್ಟು ಜಾಗದಲ್ಲಿ?
5. ಖರ್ಚು ಎಷ್ಟು? ಮನೆಯವರ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ?
6. ಪ್ರಮಾಣ ಲೀಟರಿಗೋ, ಕ್ಯಾನಿಗೋ, ಎಕರೆಗೋ?
7. ಇದನ್ನು ಮಾಡಿ ಸೋತವರು ಇದ್ದಾರೆಯೇ? ಏಕೆ ಸೋತರು?

ಉತ್ತರ ಸಿಗದಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಿ. ಹೊಸ ಪದ್ಧತಿಯನ್ನು ಮೊದಲು ಒಂದೆರಡು ಗುಂಟೆಯಲ್ಲಿ ಮಾಡಿ ನೋಡಿ.

ಕೊನೆಯದಾಗಿ ಒಂದು ವಿನಂತಿ. ಪತ್ರಿಕೆಯಲ್ಲಿ ಓದಿದ್ದನ್ನು ನಿಮ್ಮ ಹೊಲದಲ್ಲಿ ಮಾಡಿದಾಗ ಏನಾಯಿತು ಎಂದು ಬರೆದು ತಿಳಿಸಿ. ಊರು, ಮಣ್ಣು, ಮಾಡಿದ ದಿನ, ಹಾಕಿದ ಪ್ರಮಾಣ, ಖರ್ಚು, ಬಂದ ಫಲ ಇಷ್ಟು ಇದ್ದರೆ ಸಾಕು. ಭಾಷೆಯ ಬಗ್ಗೆ ಸಂಕೋಚ ಬೇಡ. ಫಲ ಬಾರದಿದ್ದರೆ ಅದನ್ನು ತಪ್ಪದೆ ಬರೆಯಿರಿ. ನಮ್ಮ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಸಿಗದ ಪಾಠ ನಿಮ್ಮ ಆ ಪತ್ರದಲ್ಲಿರುತ್ತದೆ, ಮುಂದಿನ ಲೇಖನ ಹೆಚ್ಚು ಸರಿಯಾಗಿ ಬರುವುದೂ ಅದರಿಂದಲೇ.